ಟಿ.ಸಿ. ಕಂಬದ ತಂತಿ ಮಣ್ಣಿಗೆ ಇಳಿದಿರುವುದು ಏಕೆ?

ಅಯ್ಯನಕೆರೆ ನೀರು ಕಾಲುವೆಯಲ್ಲಿ ತಾನೇ ಹರಿದು ಬರುತ್ತದೆ. ಬೋರಿನ ನೀರಿಗೆ ಮಾತ್ರ ಕರೆಂಟು ಬೇಕು. ಅದನ್ನು ಕೊಡುವುದು ಟಿ.ಸಿ. 11,000 ವೋಲ್ಟಿನ ಲೈನು ಅಲ್ಲಿ 433 ವೋಲ್ಟಿಗೆ ಇಳಿದು ಪಂಪ್‌ಸೆಟ್ಟಿಗೆ ಹೋಗುತ್ತದೆ.

ಟಿ.ಸಿ. ಹತ್ತಿರ, ಒಂದೊಂದು ಲೈನಿಗೆ ಒಂದರಂತೆ, ಬಳೆ ಜೋಡಿಸಿದ ಹಾಗಿರುವ ಮೂರು ಗಿಡ್ಡ ಕಂಬಿಗಳಿರುತ್ತವೆ. ಇವೇ ಲೈಟ್ನಿಂಗ್ ಅರೆಸ್ಟರ್. ಈಗಿನವುಗಳ ಒಳಗೆ ಸತುವಿನ ಆಕ್ಸೈಡಿನ ಬಿಲ್ಲೆಗಳಿವೆ. ಮಾಮೂಲಿ ವೋಲ್ಟೇಜಿನಲ್ಲಿ ಅವು ಕರೆಂಟನ್ನು ತಡೆಯುತ್ತವೆ. ಲೈನಿಗೋ ಹತ್ತಿರಕ್ಕೋ ಸಿಡಿಲು ಬಡಿದು ವೋಲ್ಟೇಜ್ ಏರಿದ ಕೂಡಲೇ ದಾರಿ ಬಿಟ್ಟು, ಅರ್ತ್ ತಂತಿಯಿಂದ ಭೂಮಿಗೆ ಕಳಿಸುತ್ತವೆ. ಆಮೇಲೆ ಮತ್ತೆ ತಡೆಯುತ್ತವೆ.

ಆದರೆ ಭೂಮಿ ಅದನ್ನು ತಗೋಬೇಕಲ್ಲ! ಓಮ್‌ನ ನಿಯಮದಂತೆ ಲೆಕ್ಕ ಹಾಕಿ. 5,000 ಆಂಪಿಯರ್ ಹರಿದಾಗ ಅರ್ತ್ ಗುಂಡಿಯ ರೋಧ 1 ಓಮ್ ಇದ್ದರೆ 5,000 ವೋಲ್ಟ್. 10 ಓಮ್ ಇದ್ದರೆ 50,000 ವೋಲ್ಟ್! ಆಗ ಅರೆಸ್ಟರ್ ಇದ್ದೂ ಟಿ.ಸಿ. ಸುಡಬಹುದು.

ಒಣಮಣ್ಣಿನ ರೋಧ ಹೆಚ್ಚು. ನಮ್ಮ ಕಡೆ ಗುಡುಗು ಸಿಡಿಲು ಜೋರಾಗಿರುವುದು ಅಶ್ವಿನಿ, ಭರಣಿ ಮಳೆಯಲ್ಲಿ, ಅಂದರೆ ಏಪ್ರಿಲ್-ಮೇ ತಿಂಗಳಲ್ಲಿ. ಆಗಲೇ ನೆಲ ಒಣಗಿ ಬಿರಿದಿರುತ್ತದೆ! ಅದಕ್ಕೇ ಗುಂಡಿಗೆ ಇದ್ದಿಲು, ಉಪ್ಪು ತುಂಬುತ್ತಾರೆ, ಬೇಸಿಗೆಯಲ್ಲಿ ನೀರು ಹಾಕಬೇಕು ಅನ್ನುತ್ತಾರೆ. ತಂತಿಯೂ ಸುತ್ತಿಕೊಳ್ಳದೆ ನೇರವಾಗಿ ಇಳಿದಿರಬೇಕು.

ನೆನಪಿಡಿ: ಅದು ಸಿಡಿಲು ಇಳಿಯುವ ದಾರಿ. ಅದಕ್ಕೆ ದನ ಕಟ್ಟಬೇಡಿ. ತಂತಿ ತುಂಡಾಗಿದ್ದರೆ ಮುಟ್ಟಬೇಡಿ, ದೊಡ್ಡವರಿಗೆ ಹೇಳಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಿಸಿ.