ಪ್ಲಗ್ಗಿಗೊಂದು ಸ್ವಿಚ್ಚು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ತಾಯಂದಿರು ಮೊದಲ ವಾರ ತಡಕಾಡುವುದು ಪ್ಲಗ್ಗಿನ ಸ್ವಿಚ್ಚಿಗಾಗಿ. ಅಲ್ಲಿ ಗೋಡೆಯಲ್ಲಿ ಎರಡು ಸೀಳು, ಒಂದು ತೂತು, ಅಷ್ಟೇ. ಚುಚ್ಚಿದರೆ ಕರೆಂಟು, ಕಿತ್ತರೆ ಇಲ್ಲ. ಇನ್ನೂ ಸೋಜಿಗವೆಂದರೆ ಬಾಗಿಲ ಬಳಿಯ ಸ್ವಿಚ್ಚು. ಅದನ್ನು ಹಾಕಿದರೆ ಕೆಲವು ಮನೆಗಳಲ್ಲಿ ಸೂರಿನ ದೀಪ ಹೊತ್ತುವುದಿಲ್ಲ, ಮೂಲೆಯ ಸಾಕೆಟ್ಟಿಗೆ ಚುಚ್ಚಿಟ್ಟ ಟೇಬಲ್ ಲ್ಯಾಂಪು ಹೊತ್ತುತ್ತದೆ. ಕೋಣೆಗೊಂದು ದೀಪದ ಪಾಯಿಂಟು ಗೋಡೆಯ ಸ್ವಿಚ್ಚಿಗೆ ಸೇರಿರಬೇಕೆಂಬುದು ಅಲ್ಲಿಯ ವೈರಿಂಗ್ ನಿಯಮ. ಅಡುಗೆಮನೆ, ಬಚ್ಚಲು ಬಿಟ್ಟು ಉಳಿದ ಕೋಣೆಗಳಲ್ಲಿ ಅದರ ಬದಲು ಸಾಕೆಟ್ಟನ್ನೇ ಸ್ವಿಚ್ಚಿಗೆ ಕಟ್ಟಬಹುದೆಂಬ ರಿಯಾಯಿತಿಯೂ ಉಂಟು. ಜೋಡಿ ಸಾಕೆಟ್ಟಿನ ಮಗ್ಗುಲಿನ ಹಿತ್ತಾಳೆ ಕೊಂಡಿಯನ್ನು ಇಕ್ಕಳದಲ್ಲಿ ಮುರಿದು ಒಂದನ್ನು ಸ್ವಿಚ್ಚಿಗೆ ಒಪ್ಪಿಸುತ್ತಾರೆ, ಇನ್ನೊಂದರಲ್ಲಿ ಸದಾ ಕರೆಂಟು.

ನಮ್ಮಲ್ಲಿ ಈ ತಾಪತ್ರಯವಿಲ್ಲ. ಸಾಕೆಟ್ ಇದ್ದಲ್ಲಿ ಪಕ್ಕದಲ್ಲೇ ಸ್ವಿಚ್ಚು. ನಮ್ಮ ದುಂಡು ಪಿನ್ನುಗಳು ಬ್ರಿಟಿಷರ ಹಳೆಯ ಮಾದರಿಯವು. ಅವರು 1947ರಲ್ಲಿ ಚಪ್ಪಟೆ ಪಿನ್ನಿನ ಹೊಸ ಮಾನದಂಡ ತಂದರು, ನಾವು ದುಂಡಗಿನದಕ್ಕೇ ನಿಷ್ಠರಾಗಿ ಉಳಿದೆವು. ಸಾಕೆಟ್ಟಿನ ಮೇಲೆ ಈಗ 6, 16 ಎಂದು ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ಮಾತ್ರ ಇಂದಿಗೂ ‘ಐದು ಆಂಪ್ಸ್ ಕೊಡಿ, ಹದಿನೈದು ಆಂಪ್ಸ್ ಕೊಡಿ’ ಎಂದೇ ವ್ಯಾಪಾರ.

ಮನೆ ಕಟ್ಟುವಾಗ ವೈರಿಂಗ್‌ನವನು ಬರುವುದು ಗಿಲಾವಿಗೆ ಮುಂಚೆ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಬೀಳುತ್ತದೆ, ಮಷೀನು ಧೂಳೆಬ್ಬಿಸುತ್ತ ಗೋಡೆ ಸೀಳುತ್ತದೆ, ಸೀಳಿನಲ್ಲಿ ಪಿವಿಸಿ ಪೈಪು, ತುದಿಗೆ ಕಬ್ಬಿಣದ ಬಾಕ್ಸು. ಗಿಲಾವು ಮುಗಿದ ಮೇಲೆ ವೈರು ಎಳೆಯುವ ಕೆಲಸ. ಒಬ್ಬ ಇತ್ತಲಿಂದ ಸ್ಪ್ರಿಂಗ್ ತಂತಿ ತೂರಿಸಿದರೆ ಇನ್ನೊಬ್ಬ ಅತ್ತಲಿಂದ ಎಳೆಯಬೇಕು, ‘ಬಿಡು ಬಿಡು’, ‘ಹಿಡಿ ಹಿಡಿ’ ಎಂಬ ಕೂಗು ಕೋಣೆಯಿಂದ ಕೋಣೆಗೆ. ಲೆಕ್ಕವೆಲ್ಲ ಪಾಯಿಂಟಿಗಿಷ್ಟು ಎಂದು. ಅದರಿಂದಲೇ ಕೆಲವರು ಓಡೋಡಿ ಕೆಲಸ ಮುಗಿಸುತ್ತಾರೆ ಎಂಬುದು ನನ್ನ ಗುಮಾನಿ.

ಕಸುಬಿನ ಸೂಕ್ಷ್ಮ ತಿಳಿಯಬೇಕಾದರೆ ಬೋರ್ಡು ಕಟ್ಟುವುದನ್ನು ಹತ್ತಿರ ಕೂತು ನೋಡಬೇಕು. ಕೆಂಪು ವೈರು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಕೆಂಪು ಮೊದಲು ಸ್ವಿಚ್ಚಿಗೆ ಹೋಗಬೇಕು, ಸ್ವಿಚ್ಚಿನ ಇನ್ನೊಂದು ತಿರುಪಿನಿಂದ ಹೊರಟ ತುಂಡು ವೈರು ಸಾಕೆಟ್ಟಿಗೆ ಬರಬೇಕು. ಕಪ್ಪು, ಹಸಿರು ಎಲ್ಲೂ ನಿಲ್ಲದೆ ನೇರ ಸಾಕೆಟ್ಟಿಗೆ. ಎದುರಿನಿಂದ ನೋಡಿದರೆ ಮೇಲಿನ ದಪ್ಪ ತೂತು ಅರ್ಥಿಂಗಿನದು, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಆದರೆ ಕೆಲಸಗಾರ ಕಟ್ಟುವುದು ಬೋರ್ಡನ್ನು ಬೋರಲು ಹಾಕಿಕೊಂಡು. ಅಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಸಾಕೆಟ್ಟಿನ ಬೆನ್ನಿಗೆ ಎಲ್, ಎನ್, ಇ ಅಕ್ಷರಗಳನ್ನು ಅಚ್ಚೊತ್ತಿರುವುದು ಇದಕ್ಕೇ. ಪಳಗಿದವನು ವೈರಿನ ತಾಮ್ರದ ಎಳೆಗಳನ್ನು ಬೆರಳಲ್ಲಿ ಹೊಸೆದು, ಮಡಚಿ, ತಿರುಪು ಬಿಗಿದ ಮೇಲೆ ಒಮ್ಮೆ ಜಗ್ಗಿ ನೋಡುತ್ತಾನೆ. ಸಡಿಲ ತಿರುಪು ಬಿಸಿಯಾಗಿ ಸಾಕೆಟ್ಟಿನ ಮೂತಿ ಕಂದಿಸುವುದನ್ನು ಯಾರು ತಾನೇ ಕಂಡಿಲ್ಲ?

ಎಲ್ಲಕ್ಕಿಂತ ಕೆಟ್ಟ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕೆಂಪಿನ ಬದಲು ಕಪ್ಪು ವೈರನ್ನು ಸ್ವಿಚ್ಚಿಗೆ ಕೊಟ್ಟರೂ ಇಸ್ತ್ರಿಪೆಟ್ಟಿಗೆ ಕಾಯುತ್ತದೆ, ಸ್ವಿಚ್ಚು ಆರಿಸಿದರೆ ತಣಿಯುತ್ತದೆ, ಮಾಲೀಕ ದುಡ್ಡು ಎಣಿಸಿ ಕೊಡುತ್ತಾನೆ. ಆದರೆ ಸ್ವಿಚ್ಚು ಆರಿಸಿದ್ದರೂ ಒಳಗಿನ ತಂತಿಯಲ್ಲಿ 230 ವೋಲ್ಟು ಹಾಗೇ ನಿಂತಿರುತ್ತದೆ. ‘ಆಫ್ ಮಾಡಿದ್ದೆನಲ್ಲ, ಆದರೂ ಹೊಡೀತು’ ಎನ್ನುವವರ ಮನೆಯಲ್ಲಿ ನೋಡಬೇಕಾದದ್ದು ಇದನ್ನೇ. ಯಂತ್ರ ನಿಂತಿತೆಂದರೆ ಕರೆಂಟು ಹೋಯಿತೆಂದಲ್ಲ. ಒಳ್ಳೆಯ ಕೆಲಸಗಾರ ಹೊರಡುವ ಮುನ್ನ ಸ್ವಿಚ್ಚನ್ನು ಆರಿಸಿಟ್ಟೇ ಪ್ರತಿ ಸಾಕೆಟ್ಟಿಗೂ ಟೆಸ್ಟರ್ ಇಟ್ಟು ನೋಡುತ್ತಾನೆ. ಆಗ ಅದು ಹೊತ್ತಿತೋ, ಬೋರ್ಡು ಮತ್ತೆ ಬಿಚ್ಚಲೇಬೇಕು.

ಸ್ವಿಚ್ಚು ಸಾಕೆಟ್ಟಿನಿಂದ ದೂರ ಹೋಗುವುದು ನಮ್ಮಲ್ಲಿ ಮುಖ್ಯವಾಗಿ ಗೀಸರಿಗೆ. ಸಾಕೆಟ್ಟು ಬಚ್ಚಲಲ್ಲಿ ಎತ್ತರಕ್ಕೆ, ಸ್ವಿಚ್ಚು ಒದ್ದೆ ಕೈಗೆ ಸಿಗದಂತೆ ಬಾಗಿಲಾಚೆ, ಪಕ್ಕದಲ್ಲೊಂದು ಕೆಂಪು ದೀಪ. ಇಲ್ಲಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ಚೇ ಲೇಸು. 2000 ವ್ಯಾಟಿನ ಗೀಸರು ಸುಮಾರು 9 ಆಂಪ್ಸ್ ಎಳೆಯುತ್ತದೆ. 750 ವ್ಯಾಟಿನ ಮಿಕ್ಸಿಗೆ ಮೂರು ಚಿಲ್ಲರೆ ಸಾಕು. ಮಿಕ್ಸಿಯ 6 ಆಂಪ್ಸ್ ಸಾಕೆಟ್ಟಿಗೆ ಗೀಸರನ್ನೋ ಹೀಟರನ್ನೋ ಹೇಗೋ ಸೇರಿಸುವ ಅಡಾಪ್ಟರುಗಳು ಸಂತೆಯಲ್ಲೂ ಸಿಗುತ್ತವೆ. ಅವನ್ನು ಮನೆಗೆ ತರದಿರುವುದೇ ಕ್ಷೇಮ.

ವೈರಿಂಗ್ ಕಲಿಸಲು ಐಟಿಐಗಳಲ್ಲಿ ವೈರ್‌ಮನ್ ಎಂಬ ಎರಡು ವರ್ಷದ ತರಬೇತಿಯೇ ಇದೆ. ಆದರೂ ಹೆಚ್ಚಿನವರು ಯಾರದೋ ಹಿಂದೆ ಏಣಿ ಹೊತ್ತು ಕಲಿತವರು. ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುವ ನಾವು ವೈರು ಎಳೆಯುವ ದಿನ ಸೈಟಿನ ಕಡೆ ತಲೆ ಹಾಕುವುದಿಲ್ಲ. ಈಚೆಗೆ ಕೆಲವು ಜಾಣರು ಗಿಲಾವಿಗೆ ಮುಂಚೆ ಗೋಡೆಗಳ ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ, ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂದು ತಿಳಿಯಲಿ ಅಂತ. ಫೋಟೊ ಇಲ್ಲದವರು ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ ಡ್ರಿಲ್ ಹಾಕದಿದ್ದರೆ ಬಹುಪಾಲು ಬಚಾವು. ಪೈಪು ಸಾಮಾನ್ಯವಾಗಿ ಇಳಿದಿರುವುದು ಆ ಜಾಡಿನಲ್ಲೇ.