ಬ್ಯಾಟರಿ ಲಾರಿ ತಗೊಳ್ಳೋ ಮುಂಚೆ ಟೈರಿನ ಲೆಕ್ಕ ಹಾಕ್ರಿ

ಬ್ಯಾಟರಿ ಲಾರಿ ತಗೋಬೇಕೋ ಬ್ಯಾಡೋ ಅಂತ ಕೇಳೋರು ಈಗ ನಮ್ಮ ತಿಕೋಟಾ, ಬಬಲೇಶ್ವರ ಕಡೆನೂ ಹುಟ್ಟಿಕೊಂಡಿದ್ದಾರೆ. ಎಲ್ಲರೂ ಮೊದಲು ಕೇಳೋದು ಒಂದೇ ಪ್ರಶ್ನೆ: ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡ್ತದ? ಎರಡನೇದು ಸಬ್ಸಿಡಿ. ಟೈರಿನ ಬಗ್ಗೆ ಇಲ್ಲಿತನಕ ನನ್ನನ್ನು ಕೇಳಿದವರು ಒಬ್ಬರೇ, ಅದೂ ನಮ್ಮ ತಂಗಿಯ ಮಗ.

ಅವನದು ತಿಕೋಟಾದಲ್ಲಿ ಆರು ಗಾಲಿಯ ಒಂದು ಡೀಸೆಲ್ ಲಾರಿ. ಫೆಬ್ರುವರಿಯಿಂದ ಏಪ್ರಿಲ್ ತನಕ ಒಣದ್ರಾಕ್ಷಿ ಬಾಕ್ಸ್ ಹೊತ್ತು ವಿಜಯಪುರದ ಕೋಲ್ಡ್ ಸ್ಟೋರೇಜ್, ಸೊಲ್ಲಾಪುರ, ಸಾಂಗ್ಲಿ ಕಡೆ ಓಡ್ತದೆ. ಕಬ್ಬಿನ ಹಂಗಾಮಿನಲ್ಲಿ ಬಬಲೇಶ್ವರ ಕಡೆಯ ಹೊಲಗಳಿಂದ ಕಾರ್ಖಾನೆಗೆ. ಹಳೇದು ಗುಜರಿಗೆ ಹಾಕಿ ಬ್ಯಾಟರಿ ಲಾರಿ ತರೋ ವಿಚಾರ ಅವನಿಗಿದೆ. ಸಾಲಕ್ಕೆ ಎರಡು ಎಕರೆ ದ್ರಾಕ್ಷಿ ತೋಟದ ಕಾಗದ ಇಡಬೇಕು. "ಮಾಮಾ, ಡೀಸೆಲ್ ಉಳಿತದ ಅಂತಾರ, ಆದ್ರ ಟೈರು ಜಲ್ದಿ ಸವಿತಾವ ಅಂತನೂ ಅಂತಾರ. ಖರೇ ಏನು?" ಅಂದ. ತೋಟ ಅಡವಿಡೋ ಮಾತು ಬಂದಾಗ ಹಾಂ-ಹೂಂ ಅಂದು ಬಿಡೋದು ಸರಿಯಲ್ಲ ಅನ್ನಿಸಿತು. ಕೂತು ಲೆಕ್ಕ ಹಾಕಿದೆವು. ಆ ಲೆಕ್ಕವೇ ಈ ವಾರದ ಲೇಖನ.

ಟೈರು ಜಲ್ದಿ ಸವೆಯುತ್ತವೆ ಅನ್ನೋ ಮಾತಿನಲ್ಲಿ ಹುರುಳಿದೆ. ಮೊದಲ ಕಾರಣ ತೂಕ. ದೊಡ್ಡ ಲಾರಿಗಳ ಬ್ಯಾಟರಿಯೇ ಒಂದೂವರೆ, ಎರಡು ಟನ್ ತೂಗೋದು ಸಾಮಾನ್ಯ. ಎಂಜಿನ್, ಡೀಸೆಲ್ ಟ್ಯಾಂಕ್ ಹೋಗಿ ಸ್ವಲ್ಪ ಹಗುರ ಆದರೂ ಒಟ್ಟಾರೆ ಖಾಲಿ ಗಾಡಿ ಭಾರವೇ. ಯುರೋಪಿನಲ್ಲಿ ಇದೇ ಕಾರಣಕ್ಕೆ ಇಂಥ ಲಾರಿಗಳಿಗೆ ಎರಡು ಟನ್ ತನಕ ಹೆಚ್ಚುವರಿ ತೂಕಕ್ಕೆ ಅವಕಾಶ ಕೊಟ್ಟಿದ್ದಾರೆ.

ಎರಡನೇ ಕಾರಣ ಮೋಟರಿನ ಜಗ್ಗು. ಡೀಸೆಲ್ ಎಂಜಿನ್ ನಿಧಾನಕ್ಕೆ ಜೋರು ಹಿಡೀತದೆ. ಮೋಟರ್ ಹಾಗಲ್ಲ, ನಿಂತಲ್ಲಿಂದಲೇ ಪೂರ್ತಿ ಶಕ್ತಿ ಗಾಲಿಗೆ ಕೊಡ್ತದೆ. ಡ್ರೈವರ್ ಪೆಡಲ್ ಮೇಲೆ ಕಾಲು ಒಮ್ಮೆಲೆ ಒತ್ತಿದರೆ ಹಿಂದಿನ ಟೈರು ರಸ್ತೆಯನ್ನು ಉಜ್ಜಿಕೊಂಡೇ ಹೊರಡುತ್ತವೆ. ಬ್ರೇಕಿನದೂ ಹಂಗೇ. ಡೀಸೆಲ್ ಲಾರಿಯಲ್ಲಿ ಬ್ರೇಕ್ ಒತ್ತಿದರೆ ಎಲ್ಲ ಗಾಲಿಗಳೂ ಭಾರ ಹಂಚಿಕೊಳ್ತಾವೆ. ಬ್ಯಾಟರಿ ಲಾರಿಯಲ್ಲಿ ಕಾಲು ತೆಗೆದ ಕೂಡಲೇ ಮೋಟರೇ ತಿರುಗಾಮುರುಗಾ ಕೆಲಸ ಮಾಡಿ ಕರೆಂಟ್ ವಾಪಸ್ ಬ್ಯಾಟರಿಗೆ ಕಳಿಸ್ತದೆ. ಬ್ರೇಕ್ ಲೈನರ್ ಉಳೀತದೆ, ನಿಜ. ಆದರೆ ಆ ತಡೆಯುವ ಶಕ್ತಿ ಬೀಳೋದು ಮೋಟರ್ ಜೋಡಿಸಿದ ಗಾಲಿಗಳ ಮೇಲೆ ಮಾತ್ರ. ಜಗ್ಗೋದೂ ಅವೇ, ತಡೆಯೋದೂ ಅವೇ. ಹೀಗಾಗಿ ಡ್ರೈವ್ ಗಾಲಿಯ ಟೈರು ಮೊದಲು ಸವೆಯುತ್ತವೆ. ಡೀಸೆಲ್ ಗಾಡಿಗಿಂತ ಬೇಗ ಬೇಗ ಟೈರಿನ ಜಾಗ ಬದಲಿಸ್ತಾ ಇರಬೇಕು.

ಹಂಗಂತ ಎಲ್ಲ ದೋಷ ಬ್ಯಾಟರಿ ಮೇಲೆ ಹಾಕಬ್ಯಾಡ್ರಿ. ಮೆತ್ತಗೆ ಓಡಿಸೋ ಡ್ರೈವರ್ ಸಿಕ್ಕರೆ ಅರ್ಧ ಚಿಂತೆ ಹೋಯ್ತು.

ಈಗ ತೂಕದ ಲೆಕ್ಕ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರದ ಮಿತಿ ಏರಿಸಿತು. ಎರಡು ಆ್ಯಕ್ಸಲ್‌ನ ಆರು ಗಾಲಿ ಲಾರಿಗೆ ಗಾಡಿ, ಮಾಲು ಎಲ್ಲ ಸೇರಿ 16.2 ಟನ್ ಇದ್ದದ್ದು 18.5 ಟನ್ ಆಯಿತು: ಮುಂದಿನ ಆ್ಯಕ್ಸಲ್ ಮೇಲೆ 7, ಹಿಂದಿನದರ ಮೇಲೆ 11.5. ಇನ್ನು ಟೈರಿನ ಮಗ್ಗುಲು ನೋಡ್ರಿ. 295/80R22.5 ಅನ್ನೋ ಸೈಜಿನ ಟೈರಿನ ಮೇಲೆ ಬಹಳಷ್ಟು ಸಲ 152/148 ಅಂತ ಬರೆದಿರ್ತದೆ. ಅದು ಭಾರದ ಸಂಖ್ಯೆ. 152 ಅಂದರೆ ಟೈರು ಒಂಟಿಯಾಗಿದ್ದಾಗ 3550 ಕಿಲೋ, 148 ಅಂದರೆ ಜೋಡಿಯಲ್ಲಿದ್ದಾಗ ಒಂದೊಂದಕ್ಕೆ 3150 ಕಿಲೋ. ಮುಂದಿನ ಎರಡು ಟೈರು ಹೊರೋದು 7.1 ಟನ್, ಹಿಂದಿನ ನಾಲ್ಕು 12.6 ಟನ್. ಮುಂದೆ ಉಳಿದ ಜಾಗ ನೂರೇ ಕಿಲೋ! ಹಿಂದೆ ಒಂದು ಟನ್ ಚಿಲ್ಲರೆ. ಕಬ್ಬಿನ ಹಂಗಾಮಿನಲ್ಲಿ ನಾವು ಹೇರೋ ಪರಿ ನೆನೆಸಿಕೊಂಡರೆ ಟೈರು ಯಾಕೆ ಸಿಡಿತಾವೆ ಅಂತ ಬೇರೆ ಹೇಳಬೇಕಿಲ್ಲ. ಬ್ಯಾಟರಿ ಲಾರಿಯ ಖಾಲಿ ತೂಕ ಹೆಚ್ಚಿದ್ದಷ್ಟೂ ಮಾಲಿನ ಪಾಲು ಕಮ್ಮಿ ಆಗ್ತದೆ. ಆರ್‌ಸಿ ಪುಸ್ತಕದಲ್ಲಿ ಖಾಲಿ ತೂಕ ಓದಿ, 18.5ರಿಂದ ಕಳೆದು, ಉಳಿದಿದ್ದರ ಮೇಲೆ ಬಾಡಿಗೆ ಲೆಕ್ಕ ಹಾಕು ಅಂತ ಹುಡುಗನಿಗೆ ಹೇಳಿದೆ. ಡೀಲರ್ ಬಾಯಲ್ಲಿ ಬಂದ ಟನ್ ಲೆಕ್ಕ ಬ್ಯಾಂಕಿನ ಕಂತು ಕಟ್ಟೋದಿಲ್ಲ.

ಗಾಲಿಯ ಸೈಜಿನ ವಿಷಯದಲ್ಲಿ ನಮ್ಮಲ್ಲಿ ಗೊಂದಲ ಜಾಸ್ತಿ. 20 ಇಂಚಿಗಿಂತ 22.5 ಇಂಚಿನ ಗಾಲಿ ಎತ್ತರ ಅಂತ ತಿಳಕೊಂಡವರು ಬಹಳ. ಆ ಅಂಕಿ ಡಿಸ್ಕಿನದು, ಟೈರಿನ ಎತ್ತರದ್ದಲ್ಲ. ಹಳೇ 10.00-20 ಟೈರು ನೆಲದಿಂದ ಸುಮಾರು 105 ಸೆಂಟಿಮೀಟರ್ ಎತ್ತರ, 295/80R22.5 ಸುಮಾರು 104. ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರೋದು ಒಳಗೆ. 20ರದ್ದಕ್ಕೆ ಟ್ಯೂಬು, ಫ್ಲ್ಯಾಪು, ಲಾಕ್ ರಿಂಗು ಎಲ್ಲ ಬೇಕು. 22.5ರದ್ದು ಟ್ಯೂಬ್‌ಲೆಸ್, ಒಂದೇ ತುಂಡಿನ ಡಿಸ್ಕ್. ಒಳಗೆ ಟ್ಯೂಬು ಟೈರು ಒಂದಕ್ಕೊಂದು ಉಜ್ಜೋದಿಲ್ಲ, ಬಿಸಿ ಕಮ್ಮಿ. ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೆ ಹೋಗದೆ ನಿಧಾನಕ್ಕೆ ಇಳೀತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟ್ತದಲ್ಲ, ಆಗ ಇದರ ಬೆಲೆ ಗೊತ್ತಾಗ್ತದೆ. ತೊಂದರೆ ಏನಂದ್ರೆ ಹಳ್ಳಿಯ ಪಂಕ್ಚರ್ ಅಂಗಡಿಯವನು 20 ಇಂಚಿನದನ್ನು ಕಣ್ಣು ಮುಚ್ಚಿ ಬಿಚ್ಚುತ್ತಾನೆ, ಟ್ಯೂಬ್‌ಲೆಸ್ ಅಂದ್ರೆ ವಿಜಯಪುರಕ್ಕೆ ಹೋಗ್ರಿ ಅಂತಾನೆ. ಸ್ಟೆಪ್ನಿ ಸದಾ ಸಜ್ಜಿರಲಿ.

ಸಣ್ಣ ಗಾಲಿಯ ಗಾಡಿಗಳೂ ಇವೆ. 235/75R17.5 ಟೈರಿನ ಎತ್ತರ 80 ಸೆಂಟಿಮೀಟರ್ ಅಷ್ಟೇ. ಡೆಕ್ ಕೆಳಗಿರ್ತದೆ, ಒಣದ್ರಾಕ್ಷಿ ಬಾಕ್ಸ್ ಏರಿಸೋ ಹಮಾಲರಿಗೆ ಅನುಕೂಲ. ಆದರೆ ಒಂದು ಕಿಲೋಮೀಟರ್‌ಗೆ ದೊಡ್ಡ ಗಾಲಿ ಸುಮಾರು 305 ಸುತ್ತು ತಿರುಗಿದರೆ ಇದು 400ರ ಹತ್ತಿರ. ಅದೇ ರಬ್ಬರು ಅಷ್ಟು ಹೆಚ್ಚು ಸಲ ನೆಲಕ್ಕೆ ತಾಗ್ತದೆ. ತಗ್ಗು-ದಿನ್ನೆಯ ತೋಟದ ದಾರಿಯಲ್ಲಿ ಸಣ್ಣ ಗಾಲಿ ಗುಂಡಿಯೊಳಗೆ ಇಳಿದೇ ಏಳಬೇಕು, ದೊಡ್ಡದು ಹಾಯ್ದು ಹೋಗ್ತದೆ. ನನ್ನ ಅಭಿಪ್ರಾಯ ಕೇಳಿದರೆ ಪೇಟೆಯೊಳಗಿನ ಓಡಾಟಕ್ಕೆ ಸಣ್ಣದು ಸಾಕು, ನಮ್ಮ ರಸ್ತೆಗೆ ದೊಡ್ಡದೇ ಇರಲಿ. ಕಂಪನಿ ಕೊಟ್ಟ ಸೈಜ್ ಬಿಟ್ಟು ಬೇರೆ ಹಾಕಿಸೋಕೆ ಮಾತ್ರ ಹೋಗಬ್ಯಾಡ್ರಿ. ಸ್ಪೀಡೋಮೀಟರ್, ಬ್ರೇಕು, ಚಾರ್ಜಿನ ಅಂದಾಜು ಎಲ್ಲ ಆ ಎತ್ತರಕ್ಕೇ ಹೊಂದಿಸಿರ್ತಾರೆ.

ಟೈರಿಗೂ ಚಾರ್ಜಿಗೂ ನೇರ ಸಂಬಂಧ ಇದೆ. 18.5 ಟನ್ ಗಾಡಿ ಒಳ್ಳೇ ರೇಡಿಯಲ್ ಟೈರಿನ ಮೇಲೆ ಸಮ ರಸ್ತೆಯಲ್ಲಿ ಉರುಳೋಕೆ ಕಿಲೋಮೀಟರ್‌ಗೆ ಸುಮಾರು 0.3 ಯೂನಿಟ್ ಬೇಕು. ಗಾಳಿಯ ತಡೆ, ಏರು ದಾರಿ ಬೇರೆ. ಟೈರು ಕಳಪೆಯಿದ್ದು ಗಾಳಿನೂ ಕಮ್ಮಿ ಇದ್ದರೆ ಅದು 0.4ಕ್ಕೆ ಏರೋದು ಕಷ್ಟದ ಮಾತಲ್ಲ. ಸೊಲ್ಲಾಪುರಕ್ಕೆ ಹೋಗಿಬರೋ 200 ಕಿಲೋಮೀಟರ್‌ಗೆ 20 ಯೂನಿಟ್ ಸುಮ್ಮನೆ ಹೋಯ್ತು. ಡೀಸೆಲ್ ಗಾಡಿಯಾದರೆ ದಾರಿಯಲ್ಲಿ ಬಂಕ್ ಇರ್ತದೆ, ಇದರಲ್ಲಿ ಅದು ಊರು ಮುಟ್ಟೋದೋ ನಡುದಾರಿಯಲ್ಲಿ ನಿಲ್ಲೋದೋ ಅನ್ನೋ ಪ್ರಶ್ನೆ.

ಗಾಳಿ ನೋಡಬೇಕಾದ್ದು ನಸುಕಿನಲ್ಲಿ, ಗಾಡಿ ಹೊರಡೋ ಮುಂಚೆ. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿಯ ಒತ್ತಡ ಏರಿರ್ತದೆ, ಜಾಸ್ತಿ ಆಯ್ತು ಅಂತ ಬಿಡೋ ಅಭ್ಯಾಸ ಹಲವರಿಗಿದೆ. ತಣ್ಣಗಾದ ಮೇಲೆ ಅದೇ ಟೈರು ಕಮ್ಮಿ ಗಾಳಿಯಲ್ಲಿ ಓಡ್ತದೆ, ಅಂಚು ಸವೀತದೆ. ಜೋಡಿ ಟೈರಿನ ಒಳಗಿನದನ್ನು ಯಾರೂ ನೋಡೋದಿಲ್ಲ. ಅದರಲ್ಲಿ ಗಾಳಿ ಇಳಿದರೆ ಹೊರಗಿನದೊಂದೇ ಇಬ್ಬರ ಭಾರ ಹೊರಬೇಕು. ಜೋಡಿಯ ನಡುವೆ ಸಿಕ್ಕ ಕಲ್ಲು ತೆಗೀರಿ. ಒಂದು ಹೊಸದು ಒಂದು ಸವೆದದ್ದು ಜೋಡಿ ಹಾಕಬ್ಯಾಡ್ರಿ, ಎತ್ತರ ಇದ್ದದ್ದರ ಮೇಲೇ ಭಾರ ಬೀಳ್ತದೆ.

ಇನ್ನು ಎರಿ ಹೊಲದ ಮಾತು. ಟೈರಿನಲ್ಲಿ ಎಷ್ಟು ಒತ್ತಡದ ಗಾಳಿ ಇರ್ತದೋ ಹೆಚ್ಚುಕಮ್ಮಿ ಅಷ್ಟೇ ಒತ್ತಡ ನೆಲದ ಮೇಲೆ ಬೀಳ್ತದೆ. 110 ಪೌಂಡ್ ಗಾಳಿಯ ಲಾರಿ ಟೈರು ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 7.7 ಕಿಲೋ ಒತ್ತುತ್ತದೆ. 14 ಪೌಂಡ್ ಗಾಳಿಯ ಟ್ರ್ಯಾಕ್ಟರ್ ಹಿಂದಿನ ಗಾಲಿ ಒಂದೇ ಕಿಲೋ. ಸಾರವಾಡದ ಆಸುಪಾಸು ಡೋಣಿ ದಂಡೆಯ ಎರಿಯಲ್ಲಿ ನೀರು ಬಿಟ್ಟ ಕಬ್ಬಿನ ಹೊಲಕ್ಕೆ ಲಾರಿ ಇಳಿಸಿದರೆ ಏನಾಗ್ತದೆ ಅಂತ ಕಂಡವರಿಗೆ ಗೊತ್ತು. ಅಲ್ಲಿ ಮೋಟರಿನ ಜಗ್ಗು ಉಪಕಾರಕ್ಕಿಂತ ಅಪಕಾರವೇ ಜಾಸ್ತಿ, ಗಾಲಿ ಗಿರಗಿರ ತಿರುಗಿ ಇನ್ನೂ ಆಳಕ್ಕೆ ಹೂತುಕೊಳ್ತದೆ. ಹೊಲದಿಂದ ಡಾಂಬರು ರಸ್ತೆ ತನಕ ಟ್ರ್ಯಾಕ್ಟರ್ ತರಲಿ, ಅಲ್ಲಿಂದ ಮುಂದೆ ಲಾರಿ. ಹೊಲದ ಮಣ್ಣೂ ಕಲ್ಲಿನಂಗೆ ಬಿಗಿಯೋದು ತಪ್ತದೆ.

ಸಬ್ಸಿಡಿಯ ಬಗ್ಗೆ ಚುಟುಕಾಗಿ: ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 2025ರ ಜುಲೈನಲ್ಲಿ ಬ್ಯಾಟರಿ ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿ ತನಕ ಪ್ರೋತ್ಸಾಹಧನ ಪ್ರಕಟವಾಯಿತು. ಹಳೇ ಲಾರಿ ಗುಜರಿಗೆ ಹಾಕಿದ ಸರ್ಟಿಫಿಕೇಟ್ ಕಡ್ಡಾಯ. ಸಣ್ಣ ಟೆಂಪೋ, ಆಟೋ ಟ್ರಾಲಿಗೆ ಈ ದೊಡ್ಡ ಮೊತ್ತ ಸಿಗೋದಿಲ್ಲ.

ನಮ್ಮ ಹುಡುಗ ಸದ್ಯಕ್ಕೆ ತೋಟದ ಕಾಗದ ಮನೆಯಲ್ಲೇ ಇಟ್ಟಿದ್ದಾನೆ. ಈ ಹಂಗಾಮು ಪೂರ್ತಿ ಹಳೇ ಲಾರಿಯ ಲೆಕ್ಕ ಬರೆದಿಡ್ತೀನಿ ಅಂದ: ದಿನಕ್ಕೆ ಎಷ್ಟು ಕಿಲೋಮೀಟರ್, ಕಾಟಾ ಚೀಟಿಯಲ್ಲಿ ಎಷ್ಟು ತೂಕ, ಯಾವ ಗಾಲಿಯ ಟೈರು ಎಷ್ಟು ಸವೆಯಿತು. ಕಾನೂನಿನ ಪ್ರಕಾರ ಲಾರಿ ಟೈರಿನ ಗೆರೆ 1.6 ಮಿಲಿಮೀಟರ್ ಆಳ ಉಳಿದಿರಲೇಬೇಕು. ಅಳೆಯೋಕೆ ಸಣ್ಣದೊಂದು ಗೇಜ್ ತಂದುಕೊಟ್ಟಿದ್ದೇನೆ. ನೀವೂ ಹೊಸ ಟೈರು ಕೊಳ್ಳುವಾಗ ಮಗ್ಗುಲಲ್ಲಿರೋ ನಾಲ್ಕು ಅಂಕಿ ಓದ್ರಿ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಮೂರು ವರ್ಷ ಕೂತ ಟೈರಿಗೆ ಹೊಸದರ ರೇಟು ಕೊಡಬ್ಯಾಡ್ರಿ.