ಒಂದು ಪರಿಷೆ, ಹಲವು ಶಾಸ್ತ್ರಗಳು: ಬಸವನಗುಡಿಯ ಕಡಲೆಕಾಯಿ ಪರಿಷೆ ಮತ್ತು ಅನ್ಯಶಿಸ್ತುಗಳ ಸಂಶೋಧನೆ

ಪೀಠಿಕೆ

ಕಾರ್ತಿಕ ಮಾಸದ ಕೊನೆಯ ಸೋಮವಾರ ದಕ್ಷಿಣ ಬೆಂಗಳೂರಿನ ಬಸವನಗುಡಿಯಲ್ಲಿ ಜರುಗುವ ಕಡಲೆಕಾಯಿ ಪರಿಷೆಯು ನಗರದ ಸುಪರಿಚಿತ ಜನಪದ ಆಚರಣೆಗಳಲ್ಲಿ ಒಂದಾಗಿದೆ. ದೊಡ್ಡಬಸವಣ್ಣನ ಗುಡಿಯ ಮುಂದಿನ ರಸ್ತೆಯ ಇಕ್ಕೆಲಗಳಲ್ಲಿ ಹಸಿ, ಒಣ ಮತ್ತು ಹುರಿದ ಕಡಲೆಕಾಯಿಯ ರಾಶಿಗಳು ಬೀಳುತ್ತವೆ. ರೈತರು ಹಾಗೂ ವ್ಯಾಪಾರಿಗಳು ಅದನ್ನು ಸೇರಿನಲ್ಲಿ ಅಳೆದು ಮಾರುತ್ತಾರೆ. ಬಸವನಿಗೆ ಕಡಲೆಕಾಯಿಯ ಅಭಿಷೇಕವಾಗಿ, ಅದೇ ಪ್ರಸಾದವಾಗಿ ಹಂಚಿಕೆಯಾಗುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಂತಹ ಬಡಾವಣೆಗಳ ನಿವಾಸಿಗಳಿಗೆ ಇದು ವರ್ಷಕ್ಕೊಮ್ಮೆ ತಾವು ನಿಂತ ನೆಲವು ಹಿಂದೆ ಹೊಲವಾಗಿತ್ತೆಂಬುದನ್ನು ನೆನಪಿಸುವ ಸಂದರ್ಭವೂ ಹೌದು.

ಈ ಪರಿಷೆಯನ್ನು ಕುರಿತು ಜಾನಪದ ಅಧ್ಯಯನವು ಸಾಮಾನ್ಯವಾಗಿ ಐತಿಹ್ಯ ಮತ್ತು ಆಚರಣೆ ಎಂಬ ಎರಡು ನೆಲೆಗಳಲ್ಲಿ ಮಾತನಾಡುತ್ತದೆ. ಆದರೆ ಪರಿಷೆಯ ಒಂದೊಂದು ಘಟಕವೂ, ಅಂದರೆ ಬಸವನನ್ನು ಕಡೆದ ಬಂಡೆ, ಅರ್ಪಿತವಾಗುವ ಬೆಳೆ, ಬೆಳೆಯ ಹೆಸರು, ಐತಿಹ್ಯದ ಹೋರಿ, ಬಸವನ ಪಾದದಡಿ ಹುಟ್ಟುವುದೆನ್ನುವ ನದಿ, ಬೇರೆ ಬೇರೆ ಶಿಸ್ತುಗಳ ಸಂಶೋಧನಾ ವಸ್ತುಗಳಾಗಿವೆ. ಈ ಶಿಸ್ತುಗಳಿಗೆ ಪರಸ್ಪರ ಸಂಬಂಧವಿಲ್ಲವೆಂಬುದು ರೂಢಿಯ ತಿಳಿವಳಿಕೆ. ದಶಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯದಲ್ಲಿ ಜಾನಪದವು 398ರಲ್ಲಿ, ಭೂವಿಜ್ಞಾನವು 551ರಲ್ಲಿ, ಹೊಲದ ಬೆಳೆಗಳು 633ರಲ್ಲಿ ಇರುತ್ತವೆ. ಒಂದು ಕಪಾಟಿನ ಓದುಗನು ಇನ್ನೊಂದರ ಬಳಿ ಸುಳಿಯುವ ಪ್ರಮೇಯ ಕಡಿಮೆ. ಇಂತಹ ದೂರದ ಶಿಸ್ತುಗಳ ಫಲಿತಗಳನ್ನು ಒಂದೇ ಆಚರಣೆಯ ಸುತ್ತ ಇರಿಸಿ ನೋಡಿದಾಗ ಐತಿಹ್ಯದ ಅರ್ಥವು ಹೇಗೆ ಬದಲಾಗುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐತಿಹ್ಯದ ಸ್ವರೂಪ

ಪ್ರಚಲಿತ ಐತಿಹ್ಯದ ಪ್ರಕಾರ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ಮುಂತಾದ ಹಳ್ಳಿಗಳ ರೈತರು ಈ ಪ್ರದೇಶದಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ಹುಣ್ಣಿಮೆಯ ರಾತ್ರಿಗಳಲ್ಲಿ ಹೋರಿಯೊಂದು ಬಂದು ಬೆಳೆಯನ್ನು ಮೇಯ್ದು ಹಾಳುಮಾಡುತ್ತಿತ್ತು. ಕಾದು ಕುಳಿತ ರೈತನೊಬ್ಬ ಅದನ್ನು ದೊಣ್ಣೆಯಿಂದ ಹೊಡೆದನೆಂದು ಒಂದು ಪಾಠ ಹೇಳಿದರೆ, ರೈತರು ಅಟ್ಟಿಸಿಕೊಂಡು ಹೋದಾಗ ಅದು ಗುಡ್ಡದ ಮೇಲೆ ಕಲ್ಲಾಗಿ ಕುಳಿತಿತೆಂದು ಇನ್ನೊಂದು ಪಾಠ ಹೇಳುತ್ತದೆ. ಕಲ್ಲಾದ ಬಸವ ಬೆಳೆಯತೊಡಗಿದ್ದರಿಂದ ಅದರ ತಲೆಯ ಮೇಲೆ ತ್ರಿಶೂಲವನ್ನು ನೆಟ್ಟು ಬೆಳವಣಿಗೆಯನ್ನು ನಿಲ್ಲಿಸಲಾಯಿತು. ಪಶ್ಚಾತ್ತಾಪಗೊಂಡ ರೈತರು ಮೊದಲ ಬೆಳೆಯನ್ನು ಬಸವನಿಗೆ ಒಪ್ಪಿಸುವ ಹರಕೆ ಹೊತ್ತರು. ಗುಡಿಯ ನಿರ್ಮಾಣವನ್ನು 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರಿಗೆ ಆರೋಪಿಸಲಾಗುತ್ತದೆ.

ಪರಿಷೆಯ ಸಂದರ್ಭದಲ್ಲಿ ಈ ಕಥೆಯು ಪ್ರತಿವರ್ಷವೂ ಇತಿಹಾಸವೆಂಬಂತೆ ಪುನರುಕ್ತವಾಗುತ್ತದೆ. ಇದಕ್ಕೆ ಎರಡು ಬಗೆಯ ಪ್ರತಿಕ್ರಿಯೆಗಳಿವೆ: ಕಥೆಯನ್ನು ನಡೆದ ಘಟನೆಯೆಂದು ಸಮರ್ಥಿಸುವುದು ಒಂದು, ಕಟ್ಟುಕಥೆಯೆಂದು ತಳ್ಳಿಹಾಕುವುದು ಇನ್ನೊಂದು. ಎರಡೂ ಐತಿಹ್ಯವನ್ನು ಪರಿಶೀಲಿಸದೆ ಬಿಟ್ಟುಬಿಡುತ್ತವೆ.

ಬಂಡೆ ಮತ್ತು ಮಣ್ಣು

ದೊಡ್ಡಬಸವಣ್ಣನ ವಿಗ್ರಹವು ಏಕಶಿಲೆಯಲ್ಲಿ ಕಡೆದುದು. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದವಿದೆ. ಗುಡಿಯ ಪಕ್ಕದ ಕಹಳೆ ಬಂಡೆಯೂ ಲಾಲ್‌ಬಾಗಿನ ಬಂಡೆಯೂ ಒಂದೇ ಶಿಲಾಸಮುದಾಯಕ್ಕೆ ಸೇರಿದವು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಅವರು 1916ರಲ್ಲಿ ಈ ಶಿಲೆಗಳಿಗೆ ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಲಾಲ್‌ಬಾಗಿನ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು.

ಕಲ್ಲು ಬೆಳೆಯುವುದಿಲ್ಲವೆಂದು ಭೂವಿಜ್ಞಾನ ಹೇಳುತ್ತದೆ. ಆದರೆ ಮೇಲಿನ ಸಡಿಲ ಮಣ್ಣು ಮಳೆಗೆ ಕೊಚ್ಚಿಹೋದಂತೆ ಒಳಗಿನ ಗಟ್ಟಿ ಬಂಡೆ ಹೊರಗೆ ಕಾಣಿಸಿಕೊಳ್ಳುತ್ತದೆ ಎಂಬುದೂ ಅದೇ ಶಾಸ್ತ್ರದ ಮಾತು. ಹೊಲದ ನಡುವೆ ಬಂಡೆಗಳಿರುವ ನಾಡಿನಲ್ಲಿ ತಲೆಮಾರುಗಳ ಕಾಲ ಬದುಕಿದ ರೈತನಿಗೆ ‘ಕಲ್ಲು ಎದ್ದಿದೆ’ ಎಂಬ ಅನುಭವ ಅಸಂಭವವೇನಲ್ಲ. ಆದರೂ ಐತಿಹ್ಯವನ್ನು ಇದರಿಂದಲೇ ಹುಟ್ಟಿತೆಂದು ತೀರ್ಮಾನಿಸುವುದು ಅವಸರವಾದೀತು. ಬೆಳೆಯುವ ನಂದಿಯ ಆಶಯ ಬೆಂಗಳೂರಿಗೆ ಸೀಮಿತವಲ್ಲ. ಆಂಧ್ರಪ್ರದೇಶದ ಯಾಗಂಟಿಯ ನಂದಿಯನ್ನು ಕುರಿತೂ ಇದೇ ನಂಬಿಕೆ ಪ್ರಸಿದ್ಧವಾಗಿದೆ. ಸಂಚಾರಿ ಆಶಯವೊಂದು ಇಲ್ಲಿ ನೆಲೆಯೂರಲು ಇಲ್ಲಿನ ನೆಲವೂ ಅನುಕೂಲವಾಗಿತ್ತೆಂದಷ್ಟೇ ಹೇಳಬಹುದು.

ಬಂಡೆಗೂ ಬೆಳೆಗೂ ಇರುವ ಸಂಬಂಧ ಇದಕ್ಕಿಂತ ನೇರವಾದುದು. ಈ ಶಿಲೆಯು ಶಿಥಿಲಗೊಂಡು ಉಂಟಾದ ಕೆಂಪು ಮರಳುಮಿಶ್ರಿತ ಮಣ್ಣೇ ಬೆಂಗಳೂರು, ಮಾಗಡಿ, ಕೋಲಾರ ಸೀಮೆಯ ಹೊಲಗಳ ಮಣ್ಣು. ಕಡಲೆಕಾಯಿ ಗಿಡವು ನೆಲದ ಮೇಲೆ ಹೂಬಿಟ್ಟು, ಫಲಗಟ್ಟಿದ ಬಳಿಕ ಹೂವಿನ ಬುಡದಿಂದ ಸೂಜಿಯಂತಹ ಎಳೆಯೊಂದನ್ನು ಮಣ್ಣಿಗಿಳಿಸಿ ಅಲ್ಲಿ ಕಾಯಿ ಕಟ್ಟುತ್ತದೆ. ಈ ಎಳೆ ಇಳಿಯಲು, ಬಲಿತ ಗಿಡವನ್ನು ಕಾಯಿ ಉದುರದಂತೆ ಕೀಳಲು ಸಡಿಲವಾದ ಹಗುರ ಮಣ್ಣು ಬೇಕು. ಜೂನ್–ಜುಲೈ ತಿಂಗಳ ಮಳೆಗೆ ಬಿತ್ತಿದ ಬೆಳೆಯು ಸುಮಾರು 100ರಿಂದ 120 ದಿನಗಳಲ್ಲಿ ಕೊಯ್ಲಿಗೆ ಬಂದು, ಕಿತ್ತು, ಬಿಡಿಸಿ, ಒಣಗಿಸುವ ವೇಳೆಗೆ ಕಾರ್ತಿಕ ಸಮೀಪಿಸಿರುತ್ತದೆ. ಪರಿಷೆಯ ತಿಥಿಯು ಪಂಚಾಂಗದಷ್ಟೇ ಹೊಲವನ್ನೂ ಅನುಸರಿಸಿದೆ ಎಂಬುದನ್ನು ಕೃಷಿವಿಜ್ಞಾನದ ನೆರವಿನಿಂದ ಸ್ಪಷ್ಟವಾಗಿ ತೋರಿಸಬಹುದು.

ಬೆಳೆಯ ಮೂಲ

ಐತಿಹ್ಯಕ್ಕೆ ಎದುರಾಗುವ ಗಂಭೀರ ಪ್ರಶ್ನೆಯು ಸಸ್ಯವಿಜ್ಞಾನದಿಂದ ಬರುತ್ತದೆ. ಕಡಲೆಕಾಯಿ ಭಾರತದ ಮೂಲದ ಬೆಳೆಯಲ್ಲ. ದಕ್ಷಿಣ ಅಮೆರಿಕದಲ್ಲಿ, ದಕ್ಷಿಣ ಬೊಲಿವಿಯಾ ಮತ್ತು ಉತ್ತರ ಅರ್ಜೆಂಟೀನಾಗಳ ಪ್ರದೇಶದಲ್ಲಿ, ಎರಡು ಕಾಡು ಪ್ರಭೇದಗಳ ಸಂಕರದಿಂದ ಇದು ರೂಪುಗೊಂಡಿತೆಂಬುದು ಇಂದು ಅಂಗೀಕೃತ ನಿಲುವು. ಆ ಎರಡು ಪೂರ್ವಜ ಪ್ರಭೇದಗಳ ಜೀನೋಮ್ 2016ರಲ್ಲಿಯೂ, ಸಾಗುವಳಿಯ ಕಡಲೆಕಾಯಿಯ ಜೀನೋಮ್ 2019ರಲ್ಲಿಯೂ ಪ್ರಕಟವಾಗಿ ಈ ನಿಲುವು ಮತ್ತಷ್ಟು ಗಟ್ಟಿಯಾಯಿತು. 1492ರಲ್ಲಿ ಕೊಲಂಬಸ್ ಅಮೆರಿಕವನ್ನು ತಲುಪಿದ ನಂತರದ ಸಮುದ್ರಯಾನಗಳ ಮೂಲಕವೇ ಅದು ಏಷ್ಯಾಕ್ಕೆ ಬಂದಿತೆಂದು ಬೆಳೆಗಳ ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ದಕ್ಷಿಣ ಭಾರತದಲ್ಲಿ ಅದರ ಸಾಗುವಳಿ ವ್ಯಾಪಕವಾಗಿ ಹಬ್ಬಿದ್ದು 19ನೇ ಶತಮಾನದಲ್ಲಿ, ಪಾಂಡಿಚೇರಿ ಬಂದರಿನಿಂದ ಫ್ರಾನ್ಸಿಗೆ ಎಣ್ಣೆಬೀಜ ರಫ್ತಾಗತೊಡಗಿದ ಮೇಲೆ.

ಹೀಗಿರುವಾಗ 16ನೇ ಶತಮಾನದ ಪೂರ್ವಾರ್ಧದಲ್ಲಿ ಸುಂಕೇನಹಳ್ಳಿಯ ಸುತ್ತಲಿನ ಹಲವು ಊರುಗಳು ಕಡಲೆಕಾಯಿಯನ್ನು ಮುಖ್ಯ ಬೆಳೆಯಾಗಿ ಬೆಳೆಯುತ್ತಿದ್ದವೆಂಬ ಮಾತನ್ನು ಒಪ್ಪುವುದು ಕಷ್ಟ. ಅಷ್ಟರಿಂದ ಐತಿಹ್ಯವು ಸುಳ್ಳಾಯಿತೆನ್ನುವುದು ಜಾನಪದದ ಸ್ವಭಾವವನ್ನು ಅರಿಯದ ಮಾತು. ಮೌಖಿಕ ಪರಂಪರೆಯಲ್ಲಿ ಕಥೆಯ ಚೌಕಟ್ಟು ಉಳಿದು ಒಳಗಿನ ವಸ್ತು ಬದಲಾಗುವುದು ಸಹಜ. ಬಸವನಿಗೆ ಮೊದಲ ಬೆಳೆಯನ್ನು ಒಪ್ಪಿಸುವ ಹಳೆಯ ಪದ್ಧತಿಯೊಳಕ್ಕೆ ಹೊಸ ಬೆಳೆ ಪ್ರವೇಶಿಸಿರಬಹುದು. ಅಥವಾ ಹೊಸ ಬೆಳೆಯ ಪರಿಷೆಗೆ ನಾಡಪ್ರಭುವಿನ ಹೆಸರು ಹಿಂದಿನಿಂದ ಸೇರಿಕೊಂಡಿರಬಹುದು. ಎರಡರಲ್ಲಿ ಯಾವುದೇ ಇರಲಿ, ಐತಿಹ್ಯದ ಒಳಗೆ ಕಾಲದ ಪದರಗಳಿವೆಯೆಂಬುದನ್ನು ತೋರಿಸಿಕೊಟ್ಟದ್ದು ಸಸ್ಯವಿಜ್ಞಾನ. ಕಥೆಯ ಪಾಠಾಂತರಗಳನ್ನು ಎಷ್ಟು ಹೋಲಿಸಿದರೂ ಈ ಸುಳಿವು ದೊರೆಯುತ್ತಿರಲಿಲ್ಲ.

ಹೆಸರಿನ ಸಾಕ್ಷ್ಯ

ಭಾಷಾವಿಜ್ಞಾನವೂ ಇದೇ ದಿಕ್ಕಿಗೆ ಬೆರಳು ತೋರುತ್ತದೆ. ‘ಕಡಲೆ’ ಎಂಬುದು ಈ ನಾಡಿಗೆ ಬಹುಕಾಲದಿಂದ ಪರಿಚಿತವಾದ ಬೇರೊಂದು ಕಾಳಿನ ಹೆಸರು. ಹೊಸದಾಗಿ ಬಂದ ಗಿಡದ ಫಲವನ್ನು ಜನರು ತಮಗೆ ಗೊತ್ತಿದ್ದ ಕಾಳಿನ ಹೆಸರಿಗೆ ‘ಕಾಯಿ’ಯನ್ನು ಜೋಡಿಸಿ ‘ಕಡಲೆಕಾಯಿ’ ಎಂದರು. ಕೆಲವೆಡೆ ‘ನೆಲಗಡಲೆ’ ಎಂದರು. ತಮಿಳಿನ ‘ನಿಲಕ್ಕಡಲೈ’, ‘ವೇರ್ಕ್ಕಡಲೈ’, ತೆಲುಗಿನ ‘ವೇರುಶೆನಗ’ ಎಂಬ ರೂಪಗಳಲ್ಲಿಯೂ ಇದೇ ಕ್ರಮವಿದೆ: ಹಳೆಯ ಕಾಳಿನ ಹೆಸರಿಗೆ ನೆಲ ಅಥವಾ ಬೇರು ಎಂಬ ವಿಶೇಷಣ. ಉತ್ತರ ಕರ್ನಾಟಕದ ‘ಶೇಂಗಾ’ ಎಂಬ ರೂಪವನ್ನು ಮರಾಠಿಯ ‘ಶೇಂಗ’ದೊಂದಿಗೆ ಹೋಲಿಸಬೇಕು, ಅಲ್ಲಿ ಅದಕ್ಕೆ ಕಾಳುಗಳ ಕೋಡು ಎಂಬ ಅರ್ಥವಿದೆ. ಹೊರಗಿನಿಂದ ಬಂದುದನ್ನು ಒಳಗಿನ ಹೆಸರಿನಿಂದ ಕರೆದು ತನ್ನದಾಗಿಸಿಕೊಳ್ಳುವ ಈ ಕ್ರಿಯೆ ಭಾಷೆಯಲ್ಲಿ ನಡೆದಂತೆಯೇ ಐತಿಹ್ಯದಲ್ಲಿಯೂ ನಡೆದಿದೆ. ಪರಿಷೆಯನ್ನು ಈ ದೃಷ್ಟಿಯಿಂದ ಅಧ್ಯಯನ ಮಾಡಲು ವಿಪುಲ ಅವಕಾಶವಿದೆ.

ಹೋರಿಯ ಮೇವು, ರೈತನ ಅಪರಾಧ

ಐತಿಹ್ಯದ ತಿರುಳಿರುವುದು ಬೆಳೆಯಲ್ಲಲ್ಲ, ಹೋರಿಗೂ ರೈತನಿಗೂ ನಡುವಣ ಸಂಘರ್ಷದಲ್ಲಿ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ದೇವರ ಹೆಸರಿನಲ್ಲಿ ‘ಬಸವ ಬಿಡುವ’ ಪದ್ಧತಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಹೀಗೆ ಬಿಟ್ಟ ಬಸವನು ಯಾರ ಹೊಲದಲ್ಲಿ ಮೇಯ್ದರೂ ಹೊಡೆಯಬಾರದೆಂಬುದು ಕಟ್ಟಳೆ. ಧಾರ್ಮಿಕವಾಗಿ ಕಾಣುವ ಈ ಕಟ್ಟಳೆಗೆ ಪಶುಸಂಗೋಪನೆಯ ದೃಷ್ಟಿಯಿಂದ ಬೇರೊಂದು ಮುಖವಿದೆ. ಒಳ್ಳೆಯ ಬೀಜದ ಹೋರಿಯನ್ನು ಒಬ್ಬೊಬ್ಬ ರೈತನೂ ಸಾಕಲಾರ; ಊರಿನ ಎಲ್ಲ ಹೊಲಗಳೂ ಅದರ ಮೇವಿನ ಭಾರವನ್ನು ಹಂಚಿಕೊಂಡರೆ ಊರಿನ ಎಲ್ಲ ಹಸುಗಳಿಗೂ ಅದರ ಪ್ರಯೋಜನ ದೊರೆಯುತ್ತದೆ. ಕಡಲೆಕಾಯಿಯ ಸೊಪ್ಪು ದನಗಳು ಇಷ್ಟಪಟ್ಟು ತಿನ್ನುವ ಮೇವೆಂಬುದು ರೈತರೆಲ್ಲರಿಗೂ ತಿಳಿದ ವಿಷಯ.

ದಕ್ಷಿಣ ಬೆಂಗಳೂರಿನಲ್ಲಿಯೇ, ಆಡುಗೋಡಿಯಲ್ಲಿ, 1923ರಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಸಂಸ್ಥೆಯೊಂದು ಆರಂಭವಾಯಿತು. 1927ರಲ್ಲಿ ಗಾಂಧೀಜಿಯವರು ಗೋಪಾಲನೆಯ ಕ್ರಮವನ್ನು ತಿಳಿಯಲು ಅಲ್ಲಿಗೆ ಬಂದಿದ್ದರು. 1955ರಲ್ಲಿ ಅದರ ಕೇಂದ್ರವು ಕರ್ನಾಲಿಗೆ ವರ್ಗವಾದ ಬಳಿಕ ಇಲ್ಲಿಯದು ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಮುಂದುವರಿಯಿತು. ಆಡುಗೋಡಿಯ ತಳಿಶಾಸ್ತ್ರಕ್ಕೂ ಬಸವನಗುಡಿಯ ಐತಿಹ್ಯಕ್ಕೂ ನಡುವೆ ಕೆಲವೇ ಕಿಲೋಮೀಟರುಗಳ ಅಂತರ. ಹೋರಿಯು ಸಮುದಾಯದ ಸ್ವತ್ತೆಂಬ ತಿಳಿವಳಿಕೆಯನ್ನು ಐತಿಹ್ಯವು ಕಥೆಯ ಮೂಲಕ ಕಾಪಾಡಿತು: ಬೆಳೆಯನ್ನು ಉಳಿಸಿಕೊಳ್ಳಲು ಹೋರಿಯನ್ನು ಹೊಡೆದವನು ಊರಿನ ಕಟ್ಟಳೆಯನ್ನು ಮುರಿದವನು; ಅದರ ಪ್ರಾಯಶ್ಚಿತ್ತವನ್ನು ಅವನೊಬ್ಬನಲ್ಲ, ಊರುಗಳೆಲ್ಲವೂ ಸೇರಿ ವರ್ಷವರ್ಷವೂ ಸಲ್ಲಿಸಬೇಕು. ಕೊಡಗಿನ ಹುತ್ತರಿಯಲ್ಲಿ ಹೊಸ ಭತ್ತದ ತೆನೆಯನ್ನು ಮನೆದುಂಬಿಸುವುದು, ಉತ್ತರ ಕರ್ನಾಟಕದ ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವುದು ಇವುಗಳೊಂದಿಗೆ ಬಸವನಗುಡಿಯ ಅರ್ಪಣೆಯನ್ನು ಹೋಲಿಸಬಹುದು. ಆದರೆ ಅಪರಾಧ ಮತ್ತು ಪ್ರಾಯಶ್ಚಿತ್ತದ ಈ ಅಂಶವು ಬಸವನಗುಡಿಗೆ ವಿಶಿಷ್ಟವಾದುದು.

ನದಿಯ ಮೂಲ

ಬಸವನ ಪಾದದಡಿಯಲ್ಲಿ ವೃಷಭಾವತಿ ನದಿ ಹುಟ್ಟುತ್ತದೆಂಬುದು ಇನ್ನೊಂದು ನಂಬಿಕೆ. ಇಲ್ಲಿ ಐತಿಹ್ಯವೂ ಜಲವಿಜ್ಞಾನವೂ ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ. ಬೆಂಗಳೂರು ನಗರವು ಎತ್ತರದ ದಿಣ್ಣೆಯ ಮೇಲಿದೆ. ಪಶ್ಚಿಮಕ್ಕೆ ಹರಿದ ನೀರು ವೃಷಭಾವತಿಯಾಗಿ ಕೆಂಗೇರಿ, ಬೈರಮಂಗಲಗಳ ಮೂಲಕ ಅರ್ಕಾವತಿಯನ್ನೂ ಆ ಮೂಲಕ ಕಾವೇರಿಯನ್ನೂ ಸೇರುತ್ತದೆ. ಬಿ.ಟಿ.ಎಂ. ಬಡಾವಣೆಯ ಮಡಿವಾಳ ಕೆರೆಯ ಕಡೆಯ ನೀರು ಬೆಳ್ಳಂದೂರು, ವರ್ತೂರುಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಬಸವನ ಗುಡ್ಡವಿರುವುದು ನೀರು ಬೇರ್ಪಡುವ ಇಂತಹ ಎತ್ತರದ ನೆಲದಲ್ಲಿ. ಭೂಪಟವಿಲ್ಲದ ಕಾಲದ ಜನರು ನೀರಿನ ದಿಕ್ಕನ್ನು ಗಮನಿಸಿ, ಆ ತಿಳಿವಳಿಕೆಯನ್ನು ನಂಬಿಕೆಯಲ್ಲಿ ಇರಿಸಿದ್ದಾರೆ.

ಇಂದು ವೃಷಭಾವತಿ ನಗರದ ಕೊಳಚೆಯನ್ನು ಹೊತ್ತೊಯ್ಯುವ ಕಾಲುವೆಯಾಗಿದೆ. ಬೈರಮಂಗಲದ ಸುತ್ತಲಿನ ಹೊಲಗಳು ಅದೇ ನೀರನ್ನು ಕಂಡಿವೆ. ಮೇಲ್ಭಾಗದ ಹರಿವು ಕಟ್ಟಡ, ರಸ್ತೆಗಳ ಅಡಿಯಲ್ಲಿ ಮರೆಯಾಗಿದೆ. ಇದೊಂದು ನದಿಯೆಂಬುದನ್ನೂ ಅದರ ತಲೆ ಎಲ್ಲಿದೆಯೆಂಬುದನ್ನೂ ನಗರದ ಸಾಮಾನ್ಯ ಜನರಿಗೆ ಇನ್ನೂ ನೆನಪಿಸುತ್ತಿರುವುದು ಮುಖ್ಯವಾಗಿ ಈ ಐತಿಹ್ಯ.

ಸಮಾರೋಪ

ಮೇಲಿನ ವಿವೇಚನೆಯಲ್ಲಿ ಐತಿಹ್ಯಕ್ಕೂ ಅನ್ಯಶಿಸ್ತುಗಳಿಗೂ ನಡುವೆ ಮೂರು ಬಗೆಯ ಸಂಬಂಧಗಳು ಕಂಡುಬರುತ್ತವೆ. ನದಿಯ ಮೂಲ ಹಾಗೂ ಪರಿಷೆಯ ಕಾಲದ ವಿಷಯದಲ್ಲಿ ಅವು ಪರಸ್ಪರ ಸಮರ್ಥಿಸುತ್ತವೆ. ಬೆಳೆಯ ಪ್ರಾಚೀನತೆಯ ವಿಷಯದಲ್ಲಿ ವಿರೋಧಿಸುತ್ತವೆ. ಅಪರಾಧ, ಪ್ರಾಯಶ್ಚಿತ್ತ, ಹರಕೆಗಳ ವಿಷಯದಲ್ಲಿ ವಿಜ್ಞಾನಗಳು ಮೌನವಾಗಿದ್ದು ಜಾನಪದವೇ ಮಾತನಾಡಬೇಕಾಗುತ್ತದೆ. ವಿರೋಧವೂ ಸಮರ್ಥನೆಯಷ್ಟೇ ಫಲಪ್ರದವೆಂಬುದನ್ನು ಸಂಶೋಧಕರು ಗಮನಿಸಬೇಕು. ಕಡಲೆಕಾಯಿಯ ಮೂಲವನ್ನು ಕುರಿತ ಪ್ರಶ್ನೆ ಏಳದಿದ್ದರೆ ಐತಿಹ್ಯದ ಪದರಗಳು ಗೋಚರಿಸುತ್ತಿರಲಿಲ್ಲ.

ಈ ಕಾರ್ಯಕ್ಕೆ ಹೆಚ್ಚು ಕಾಲಾವಕಾಶವಿಲ್ಲ. ಐತಿಹ್ಯದಲ್ಲಿ ಬರುವ ಹಳ್ಳಿಗಳು ಬಡಾವಣೆಗಳಲ್ಲಿ ಕರಗಿಹೋಗಿವೆ. ಪರಿಷೆಗೆ ಬರುವ ಕಡಲೆಕಾಯಿ ಈಗ ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ ಸೀಮೆಗಳಿಂದಲೂ ಆಂಧ್ರ, ತಮಿಳುನಾಡುಗಳಿಂದಲೂ ಬರುತ್ತದೆ. ಮುದ್ರಣದಲ್ಲಿ ಪ್ರತಿವರ್ಷ ಆವರ್ತಿಸುವ ಒಂದೇ ಪಾಠವು ಉಳಿದ ಪಾಠಗಳನ್ನು ಮರೆಸುತ್ತಿದೆ. ಹಳೆಯ ಊರುಗಳ ಹಿರಿಯರಲ್ಲಿ ಉಳಿದಿರುವ ಪಾಠಾಂತರಗಳನ್ನೂ, ಪರಿಷೆಗೆ ದೂರದಿಂದ ಬರುವ ರೈತರು ತಮ್ಮ ತಮ್ಮ ಭಾಷೆಗಳಲ್ಲಿ ಹೇಳುವ ಕಥೆಗಳನ್ನೂ ಸಂಗ್ರಹಿಸುವುದು ಜಾನಪದ ಕ್ಷೇತ್ರಕಾರ್ಯದ ತುರ್ತು ಹೊಣೆ. ಆ ಸಂಗ್ರಹದಲ್ಲಿ ವಕ್ತೃವಿನ ಹೆಸರು, ಊರುಗಳ ಜೊತೆಗೆ ಅವರ ಹೊಲದ ಮಣ್ಣು, ಬಿತ್ತಿದ ತಳಿ, ಬಿತ್ತನೆ ಮತ್ತು ಕೊಯ್ಲಿನ ಕಾಲ, ಊರಿನಲ್ಲಿ ಬಸವ ಬಿಡುವ ರೂಢಿ ಇವೂ ದಾಖಲಾದರೆ ಅದು ಕೃಷಿವಿಜ್ಞಾನಿಗೂ ಭಾಷಾವಿಜ್ಞಾನಿಗೂ ಸಮಾನವಾಗಿ ಒದಗುವ ಆಕರವಾಗುತ್ತದೆ.